ಆಪರೇಷನ್ ಆಗಿ ಏಳು ತಿಂಗಳು: ಗಾಯ ಮಾಯ್ದಿದೆ, ನೋವು ಹೋಗಿಲ್ಲ, ನಿದ್ರೆಯೂ ಇಲ್ಲ

ಬೆಟಗೇರಿ_ಕಂಡಕ್ಟರ್:

ಎಲ್ಲರಿಗೂ ನಮಸ್ಕಾರ. ನಾನು ಬಸ್ ಕಂಡಕ್ಟರ್. ವಯಸ್ಸು ನಲವತ್ತಾರು, ಮನೆ ಗದಗ-ಬೆಟಗೇರಿ. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಮುಕ್ಕಾಲು ಪಾಲು ಕಳೆದದ್ದು ಗದಗ–ಹುಬ್ಬಳ್ಳಿ ರಸ್ತೆಯ ಮೇಲೆ, ಅದೂ ನಿಂತುಕೊಂಡು. ಪ್ರಶ್ನೆ ಸಣ್ಣದು. ಆದರೆ ಹಿಂದಿನದನ್ನು ಹೇಳದಿದ್ದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ.

ನನಗೆ ಮೊದಲಿನಿಂದಲೂ ಸೊಂಟನೋವು. ಮೂರು ವರ್ಷ ದಿನಕ್ಕೊಂದು, ಮಳೆಗಾಲದಲ್ಲಿ ದಿನಕ್ಕೆರಡು ನೋವಿನ ಗುಳಿಗೆ ನುಂಗಿದ್ದೇನೆ. ಬೆಳಗಿನ ಮೊದಲ ಟ್ರಿಪ್ಪಿಗೆ ಹೊರಡುವ ಹೊತ್ತಿಗೆ ಯಾವ ಮನೆಯಲ್ಲಿ ರೊಟ್ಟಿ ಬೆಂದಿರುತ್ತದೆ? ಚಹಾ, ಗುಳಿಗೆ, ಅಷ್ಟೇ. ಕಳೆದ ದೀಪಾವಳಿ ಪಾಡ್ಯದ ಮರುದಿನ ಹುಬ್ಬಳ್ಳಿಯಿಂದ ಗದಗಕ್ಕೆ ಬರುತ್ತಿದ್ದೆವು. ಹಬ್ಬಕ್ಕೆಂದು ತವರಿಗೆ ಬಂದಿದ್ದ ಹೆಣ್ಣುಮಕ್ಕಳು ಮಕ್ಕಳುಮರಿ, ಗಂಟುಮೂಟೆ ಸಮೇತ ಹೊರಟಿದ್ದರು. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಭದ್ರಾಪುರ ದಾಟಿದ್ದೇ ತಡ, ಕಾಯಿಸಿದ ಸಲಾಕೆಯನ್ನು ಯಾರೋ ಎದೆಗುಂಡಿಯ ಕೆಳಗೆ ತೂರಿದಂತಾಯಿತು. ಎದ್ದು ನಿಲ್ಲಲಾಗಲಿಲ್ಲ. ಹೊಟ್ಟೆ ಮುಟ್ಟಿದರೆ ಕಟ್ಟಿಗೆಯ ಹಲಗೆಯಂತೆ ಬಿಗಿದಿತ್ತು. ನಮ್ಮ ಡ್ರೈವರ್ ಪುಣ್ಯಾತ್ಮ, ಎಲ್ಲಿಯೂ ನಿಲ್ಲಿಸದೆ ಅಣ್ಣಿಗೇರಿಯ ಆಸ್ಪತ್ರೆಯ ಬಾಗಿಲಿಗೇ ಬಸ್ಸು ತಂದ. ಅಲ್ಲಿಂದ ಆಂಬುಲೆನ್ಸ್‌ನಲ್ಲಿ, ಬಂದ ದಾರಿಯಲ್ಲೇ ಹುಬ್ಬಳ್ಳಿಗೆ.

ಜಠರ ಮುಗಿದು ಸಣ್ಣಕರುಳು ಶುರುವಾಗುವ ಕಡೆ ಹುಣ್ಣಾಗಿ ತೂತು ಬಿದ್ದಿತ್ತಂತೆ. ಅದೇ ರಾತ್ರಿ ಹೊಟ್ಟೆ ತೆರೆದರು. ಎದೆಗುಂಡಿಯಿಂದ ಹೊಕ್ಕುಳನ್ನು ಬಳಸಿ ಎರಡು ಬೆರಳು ಕೆಳಗಿನವರೆಗೆ ಗೀರು, ಇಪ್ಪತ್ಮೂರು ಪಿನ್ನು. ಬಲಗಡೆ ಒಂದು ತೂತು, ಅದರಲ್ಲಿ ಹೊಲಸು ನೀರು ಹೋಗಲು ಕೊಳವೆ. ಹೊಟ್ಟೆಯೊಳಗೇ ಇರುವ ಕೊಬ್ಬಿನ ಪದರವನ್ನು ಎಳೆದು ತೂತಿನ ಮೇಲೆ ತೇಪೆ ಹಾಕಿದ್ದೇವೆ ಎಂದರು. ಪಂಕ್ಚರ್ ಅಂಗಡಿಯ ಕೆಲಸ ನೋಡಿ ಬಲ್ಲವನಾದ್ದರಿಂದ ನನಗೆ ಅದು ತಕ್ಷಣ ಅರ್ಥವಾಯಿತು. ಹನ್ನೊಂದು ದಿನಕ್ಕೆ ಮನೆಗೆ ಕಳಿಸಿದರು. ಹುಣ್ಣಿಗೆ ಕಾರಣವಾಗುವ ಕ್ರಿಮಿಗೂ ಎರಡು ವಾರ ಔಷಧಿ ಕೊಟ್ಟರು. ನೋವಿನ ಗುಳಿಗೆ ಇನ್ನು ಜನ್ಮದಲ್ಲಿ ಮುಟ್ಟಬೇಡ, ಪ್ಯಾರಾಸಿಟಮಾಲ್ ಒಂದೇ ನಿನಗೆ ಎಂದು ಹೇಳಿ ಕಳಿಸಿದರು.

ಈಗ ಕಾರಹುಣ್ಣಿಮೆ ಬಂತು. ಏಳು ತಿಂಗಳು. ಊಟ ಸೇರುತ್ತದೆ, ಹೊಟ್ಟೆ ಸಾಫಾಗಿ ಹೋಗುತ್ತದೆ, ತೂಕ ಮರಳಿದೆ. ಎರಡು ಸಲ ಸ್ಕ್ಯಾನಿಂಗ್, ಒಂದು ಸಲ ಬಾಯಿಯಿಂದ ಕ್ಯಾಮೆರಾ ಇಳಿಸಿ ನೋಡಿದ್ದು, ಎಲ್ಲದರಲ್ಲೂ ‘ಸರಿ ಇದೆ’. ಎಲ್ಲವೂ ಸರಿ ಇದ್ದರೆ ನೋಯುತ್ತಿರುವುದು ಯಾವುದು?

ನೋವು ಹೀಗಿದೆ. ಬಲಗಡೆ ಕೊಳವೆ ಹಾಕಿದ್ದ ಗುರುತಿನಿಂದ ಹೊಕ್ಕುಳ ಕಡೆಗೆ ಎರಡು ಬೆರಳಿನಷ್ಟು ಒಳಗೆ ಒಂದು ಜಾಗವಿದೆ. ಒಂದು ರೂಪಾಯಿ ನಾಣ್ಯ ಇಟ್ಟರೆ ಮುಚ್ಚಿ ಹೋಗುವಷ್ಟು. ಅಲ್ಲಿ ಒತ್ತಿದರೆ ಚೇಳು ಕುಟುಕಿದಂತಾಗಿ ಉರಿ ಬೆನ್ನಿನ ಕಡೆಗೆ ಓಡುತ್ತದೆ. ಗೀರಿನ ಎರಡೂ ಬದಿ ಮರಗಟ್ಟಿದೆ, ಚಿವುಟಿದರೂ ತಿಳಿಯುವುದಿಲ್ಲ. ಆದರೆ ಬನಿಯನ್ ತಾಗಿದರೆ ಉರಿಯುತ್ತದೆ. ತಿಳಿಯದ ಚರ್ಮ ಉರಿಯುವುದು ಹೇಗೆ ಎಂದು ಕೇಳಬೇಡಿ, ನನಗೂ ಅದೇ ಪ್ರಶ್ನೆ. ಕಂಡಕ್ಟರನ ಚರ್ಮದ ಚೀಲ ಜೋತುಬೀಳುವುದು ಸರಿಯಾಗಿ ಆ ಜಾಗದ ಮೇಲೆ. ಮೂರು ತಿಂಗಳಿಗೆ ಕೆಲಸಕ್ಕೆ ಹೋದೆ, ನಾಲ್ಕು ದಿನ ಎಳೆದೆ. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಒಂದು ಕೈಯಲ್ಲಿ ಹೊಟ್ಟೆ, ಒಂದು ಕೈಯಲ್ಲಿ ಕಂಬಿ. ಟಿಕೆಟ್ ಯಂತ್ರ ಹಿಡಿಯಲು ಮೂರನೆಯ ಕೈ ದೇವರು ಕೊಟ್ಟಿಲ್ಲ. ಈಗ ಡಿಪೋದಲ್ಲಿ ಕುಳಿತು ಮಾಡುವ ಕೆಲಸ ಕೊಟ್ಟಿದ್ದಾರೆ.

ಹಗಲು ಹೇಗೋ ಹೋಗುತ್ತದೆ. ರಾತ್ರಿಯದೇ ಯುದ್ಧ. ಅಂಗಾತ ಮಲಗಿದರೆ ಗೀರು ಜಗ್ಗುತ್ತದೆ, ಎಡಕ್ಕೆ ಹೊರಳಿದರೆ ಒಳಗಿನದೆಲ್ಲ ಒಂದು ಕಡೆ ಜಾರಿದಂತೆ, ಬಲಕ್ಕಂತೂ ಆ ನಾಣ್ಯದ ಜಾಗ. ಹತ್ತಕ್ಕೆ ಮಲಗುತ್ತೇನೆ, ಒಂದೂ ಮುಕ್ಕಾಲಿಗೆ ಎಚ್ಚರ. ನಿದ್ರೆ ಬರಲೆಂದು ಮನಸ್ಸಿನಲ್ಲೇ ಸ್ಟಾಪುಗಳನ್ನು ಕೂಗುತ್ತೇನೆ: ಹುಬ್ಬಳ್ಳಿ, ಶಿರಗುಪ್ಪಿ, ನಲವಡಿ, ಭದ್ರಾಪುರ. ಅಲ್ಲಿಗೆ ಬಂದ ಕೂಡಲೇ ಎದೆ ಹೊಡೆದುಕೊಳ್ಳುತ್ತದೆ, ಹೊಟ್ಟೆ ತಾನಾಗಿ ಬಿಗಿಯುತ್ತದೆ. ಅಣ್ಣಿಗೇರಿ ಬರುವುದೇ ಇಲ್ಲ. ಆಮೇಲೆ ಬೆಟಗೇರಿಯ ಮೊದಲ ಮಗ್ಗದ ಸದ್ದು ಕೇಳುವವರೆಗೆ ಸೂರು ನೋಡುತ್ತ ಬಿದ್ದಿರುತ್ತೇನೆ. ಹೊಲಿಗೆ ಬಿಚ್ಚಿ ಹೋದೀತೆಂಬ ಹೆದರಿಕೆಗೆ ಮಲಗಿದಲ್ಲೂ ಹೊಟ್ಟೆ ಹಿಡಿದಿರುತ್ತೇನಂತೆ. ‘ನಿದ್ರೆಯಲ್ಲಿ ಚೀಲ ಹಿಡಿದಂತೆ ಹಿಡಿಯುತ್ತೀರಿ’ ಎನ್ನುತ್ತಾಳೆ ನನ್ನ ಹೆಂಡತಿ.

ಇದು ಮನಸ್ಸಿನ ಕಲ್ಪನೆಯೇ? ಇನ್ನೊಮ್ಮೆ ಕೊಯ್ಯಿಸಬೇಕೆ? ಇಂಥದ್ದನ್ನು ಅನುಭವಿಸಿ ದಾಟಿದವರು ಯಾರಾದರೂ ಇದ್ದೀರಾ?

ಶಿಗ್ಗಾವಿ_ಮಾವ:

ತಮ್ಮಾ, ಹೊಟ್ಟೆ ಕೊಯ್ದ ಮೇಲೆ ಗಾಳಿ ಸೇರಿಕೊಳ್ಳುತ್ತದೆ, ಅದಕ್ಕೇ ನೋವು. ಹಗಲು ರಾತ್ರಿ ಬೆಲ್ಟ್ ಬಿಗಿದು ಕಟ್ಟು. ಹರಳೆಣ್ಣೆ ಕಾಯಿಸಿ ಹಚ್ಚು. ನಿದ್ರೆಗೆ ಚಿಂತೆ ಬೇಡ, ನನ್ನ ಷಡ್ಡಕನಿಗೆ ಔಷಧಿ ಅಂಗಡಿಯವನು ಅರ್ಧ ಗುಳಿಗೆ ಕೊಟ್ಟಿದ್ದ, ಕೊರಡಿನಂತೆ ಮಲಗಿದ. ಚೀಟಿ ಗೀಟಿ ಏನೂ ಬೇಕಾಗಲಿಲ್ಲ.

ವಾರ್ಡ್_ಸಿಸ್ಟರ್:

ಹುಬ್ಬಳ್ಳಿಯಲ್ಲಿ ಹದಿನೆಂಟು ವರ್ಷದಿಂದ ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಶುಶ್ರೂಷಕಿ. ನಾನು ವೈದ್ಯೆ ಅಲ್ಲ. ಪರೀಕ್ಷೆ ಮಾಡುವುದು ನಿಮ್ಮ ಸರ್ಜನ್ ಕೆಲಸ. ಆದರೆ ಅವರ ಮುಂದೆ ಏನು ಕೇಳಬೇಕೆಂದು ಹೇಳಬಲ್ಲೆ.

ಕಂಡಕ್ಟರ್ ಅಣ್ಣ, ಮೊದಲ ಮಾತು: ಕಲ್ಪನೆ ಅಲ್ಲ. ಶಸ್ತ್ರಚಿಕಿತ್ಸೆಯ ನಂತರ ಮೂರು ತಿಂಗಳು ಮೀರಿಯೂ ಉಳಿಯುವ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲೇ ಪ್ರತ್ಯೇಕ ಜಾಗವಿದೆ. 2022ರಿಂದ ಜಾರಿಯಲ್ಲಿರುವ ಹನ್ನೊಂದನೆಯ ಆವೃತ್ತಿಯಲ್ಲಿ ಅದನ್ನು ಸೇರಿಸಿದ್ದಾರೆ. ಸ್ಕ್ಯಾನಿಂಗ್ ಮತ್ತು ಕ್ಯಾಮೆರಾ ಹೊಟ್ಟೆಯ ಒಳಗಿನದನ್ನು ನೋಡುತ್ತವೆ. ಹೊಟ್ಟೆಯ ಗೋಡೆಯಲ್ಲಿ ಹಾದುಹೋಗುವ ದಾರದೆಳೆಯಂಥ ನರ ಅವುಗಳಿಗೆ ಕಾಣುವುದಿಲ್ಲ. ನೀವು ಬರೆದದ್ದನ್ನು ಓದಿದರೆ, ಬೆರಳ ತುದಿಯಿಂದ ತೋರಿಸಬಹುದಾದ ಒಂದು ಜಾಗ, ಮರಗಟ್ಟಿದ ಚರ್ಮ, ಬಟ್ಟೆ ತಾಗಿದರೆ ಉರಿ, ಇವೆಲ್ಲ ಒಳಗಿನ ಹುಣ್ಣಿನ ಮಾತಿಗಿಂತ ನರದ ಮಾತಿನಂತೆ ಕೇಳಿಸುತ್ತವೆ. ಬೆನ್ನಿನಿಂದ ಹೊರಟ ನರಗಳು ಪಕ್ಕೆಯ ಸುತ್ತ ಬಂದು ಹೊಟ್ಟೆಯ ಮುಂದಿನ ಉದ್ದ ಸ್ನಾಯುವನ್ನು ತೂರಿಕೊಂಡು ಚರ್ಮಕ್ಕೆ ಬರುತ್ತವೆ. ಗೀರು ಹಾಕುವಾಗ ಕೆಲವು ಸಣ್ಣ ಎಳೆಗಳು ಕತ್ತರಿಸಿಯೇ ಹೋಗುತ್ತವೆ. ಅದು ಯಾರ ತಪ್ಪೂ ಅಲ್ಲ, ದಾರಿ ಬೇರೆ ಇಲ್ಲ. ಕೆಲವು ಮಾಯುವ ಅಂಗಾಂಶದಲ್ಲಿ ಸಿಕ್ಕಿಕೊಳ್ಳುತ್ತವೆ. ಕತ್ತರಿಸಿದ ನರಕ್ಕೆ ಮುಟ್ಟಿದ್ದು ತಿಳಿಯುವುದಿಲ್ಲ, ಆದರೆ ಸುಳ್ಳು ಗಂಟೆ ಬಾರಿಸುವುದು ಮಾತ್ರ ಬಿಡುವುದಿಲ್ಲ. ನಿಮ್ಮ ‘ತಿಳಿಯದ ಚರ್ಮ ಉರಿಯುವುದು ಹೇಗೆ’ ಎಂಬುದಕ್ಕೆ ನನಗೆ ಗೊತ್ತಿರುವ ಉತ್ತರ ಇದು.

ಇದನ್ನು ಗುರುತಿಸಲು ನೂರು ವರ್ಷ ಹಳೆಯ ಒಂದು ಪರೀಕ್ಷೆ ಇದೆ. 1926ರಲ್ಲಿ ಕಾರ್ನೆಟ್ ಎಂಬ ಶಸ್ತ್ರವೈದ್ಯರು ಬರೆದದ್ದು. ಯಂತ್ರ ಬೇಡ, ಕರೆಂಟ್ ಬೇಡ. ಅಂಗಾತ ಮಲಗಿಸಿ ನೋವಿನ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದು, ತಲೆ ಎತ್ತು ಎನ್ನುತ್ತಾರೆ. ತಲೆ ಎತ್ತಿದಾಗ ಹೊಟ್ಟೆಯ ಸ್ನಾಯು ಬಿಗಿಯುತ್ತದೆ, ಒಳಗಿನ ಅಂಗಗಳಿಗೆ ಗುರಾಣಿ ಹಿಡಿದಂತೆ. ಆಗ ನೋವು ಕಡಿಮೆಯಾದರೆ ಒಳಗಿನದು, ಹೆಚ್ಚಾದರೆ ಅಥವಾ ಹಾಗೇ ಉಳಿದರೆ ಗೋಡೆಯದು. ಹೋಗಿ ಇದೊಂದನ್ನು ಮಾಡಿ ನೋಡಿ ಎಂದು ಕೇಳಿ. ಗೋಡೆಯದೆಂದು ಕಂಡರೆ ಅದೇ ಜಾಗಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಡುತ್ತಾರೆ. ಕೆಲವೇ ನಿಮಿಷದಲ್ಲಿ ನೋವು ಇಳಿದರೆ ರೋಗ ಗುರುತಿಸಿದಂತೆಯೂ ಆಯಿತು, ಚಿಕಿತ್ಸೆ ಶುರುವಾದಂತೆಯೂ ಆಯಿತು. ನರದ ನೋವಿಗೆ ಬೇರೆ ಗುಳಿಗೆಗಳಿವೆ. ಅವು ನೀವು ಸೊಂಟಕ್ಕೆ ನುಂಗುತ್ತಿದ್ದ ಜಾತಿಯವಲ್ಲ, ಹೊಟ್ಟೆಯಲ್ಲಿ ಹುಣ್ಣು ಮಾಡುವುದಿಲ್ಲ, ಆದರೆ ತಲೆ ತಿರುಗಿಸಬಹುದು. ನಿಮ್ಮ ಕೆಲಸ ಫುಟ್‌ಬೋರ್ಡಿನ ಮೇಲೆ ಎಂಬುದನ್ನು ವೈದ್ಯರಿಗೆ ಹೇಳಿಯೇ ತೆಗೆದುಕೊಳ್ಳಿ. ಗೀರಿನಲ್ಲಿ ಹರ್ನಿಯಾ ಆಗಿದೆಯೇ ಎಂಬುದನ್ನೂ ನಿಲ್ಲಿಸಿ ಕೆಮ್ಮಿಸಿ ನೋಡಲು ಹೇಳಿ. ಮಲಗಿಸಿ ಮಾಡಿದ ಸ್ಕ್ಯಾನಿಂಗ್‌ನಲ್ಲಿ ಸಣ್ಣದು ತಪ್ಪಿಹೋಗುವುದುಂಟು.

ಹೊಲಿಗೆ ಬಿಚ್ಚುವ ಹೆದರಿಕೆ ಬಿಡಿ. ಏಳು ತಿಂಗಳಿಗೆ ಹೊಟ್ಟೆಯ ಗೋಡೆಗೆ ಬರಬೇಕಾದ ಬಲ ಬಹುಪಾಲು ಬಂದಿರುತ್ತದೆ. ಮೊದಲಿನ ನೂರಕ್ಕೆ ನೂರು ಎಂದೂ ಬರುವುದಿಲ್ಲ, ಎಂಬತ್ತರ ಹತ್ತಿರಕ್ಕೆ ನಿಲ್ಲುತ್ತದೆ. ಆದರೆ ಮಗ್ಗುಲಾಗಿ ಮಲಗುವುದಕ್ಕೆ, ನಡೆಯುವುದಕ್ಕೆ, ನಗುವುದಕ್ಕೆ ಅದು ಧಾರಾಳವಾಗಿ ಸಾಕು. ಇಪ್ಪತ್ತನಾಲ್ಕು ಗಂಟೆ ಹೊಟ್ಟೆ ಬಿಗಿಹಿಡಿದರೆ ಸಿಕ್ಕಿಕೊಂಡ ನರವನ್ನು ನೀವೇ ಇಕ್ಕಳದಲ್ಲಿ ಹಿಡಿದಂತೆ. ಅದಕ್ಕೇ ಹಗಲು ರಾತ್ರಿ ಬೆಲ್ಟ್ ಎಂಬ ಮಾವನವರ ಸಲಹೆ ನನಗೆ ಒಪ್ಪಿಗೆ ಇಲ್ಲ. ಕೆಲಸದ ಹೊತ್ತು ಕಟ್ಟಿದರೆ ಸಾಕು, ರಾತ್ರಿ ಬಿಚ್ಚಿಡಿ. ಅರ್ಧ ಗುಳಿಗೆಯ ಮಾತಿಗೆ ನನಗೆ ಸಿಟ್ಟು ಬಂದಿದೆ, ಇನ್ನೊಮ್ಮೆ ಬರೆಯುತ್ತೇನೆ.

ಒಂದು ಮಾತ್ರ ಯಾರ ಉತ್ತರಕ್ಕೂ ಕಾಯಬಾರದು. ಹೊಟ್ಟೆ ಉಬ್ಬರಿಸಿ ವಾಂತಿ ನಿಲ್ಲದಿದ್ದರೆ, ಗಾಳಿಯೂ ಮಲವೂ ನಿಂತರೆ, ಮಲ ಡಾಂಬರಿನಂತೆ ಕಪ್ಪಗಾದರೆ, ಗೀರಿನ ಹತ್ತಿರ ಬಂದ ಉಬ್ಬು ಒಳಗೆ ಹೋಗದೆ ಗಟ್ಟಿಯಾದರೆ, ಅಥವಾ ಆ ಭದ್ರಾಪುರದ ನೋವು ಮತ್ತೆ ಬಂದರೆ, ನೇರ ಆಸ್ಪತ್ರೆಗೆ. ಹೊಟ್ಟೆ ತೆರೆದವರಲ್ಲಿ ಬಹುತೇಕ ಎಲ್ಲರಿಗೂ ಒಳಗೆ ಸ್ವಲ್ಪ ಅಂಟಿಕೊಂಡಿರುತ್ತದೆ. ಹೆಚ್ಚಿನವರಿಗೆ ಅದರಿಂದ ಏನೂ ಆಗುವುದಿಲ್ಲ, ಕೆಲವರಿಗೆ ಕರುಳು ಕಟ್ಟಿಕೊಳ್ಳುತ್ತದೆ.

ಬ್ಯಾಡಗಿ_ಘಾಟು:

ಅಣ್ಣಾ, ನಾನು ದಾಟಿದವಳು. ಪೂರ್ತಿ ದಾಟಿದೆನೆಂದರೆ ಸುಳ್ಳಾದೀತು, ದಡ ಕಾಣಿಸುವಷ್ಟು ದಾಟಿದ್ದೇನೆ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತೇನೆ. ನಾಲ್ಕು ವರ್ಷದ ಹಿಂದೆ ಗಡ್ಡೆಯಾಗಿ ಗರ್ಭಕೋಶ ತೆಗೆಸಿದೆ. ಮೂರನೆಯ ತಿಂಗಳಿಗೆ ಕೆಲಸಕ್ಕೆ ಹೋದೆ, ಹೋದದ್ದು ಜನವರಿಯಲ್ಲಿ. ಬ್ಯಾಡಗಿ ಬಲ್ಲವರಿಗೆ ಜನವರಿ ಎಂದರೆ ಸಾಕು. ಪ್ರಾಂಗಣದ ತುಂಬ ಕೆಂಪು ರಾಶಿ, ಗಾಳಿಯಲ್ಲೇ ಖಾರ. ಹುಟ್ಟಿದ್ದೇ ಆ ಘಾಟಿನಲ್ಲಿ, ನನಗೆ ಸೀನು ಬರುವುದಿಲ್ಲವೆಂದು ಜಂಬ ಕೊಚ್ಚಿಕೊಳ್ಳುತ್ತಿದ್ದವಳು ಆ ದಿನ ಹನ್ನೊಂದು ಸಲ ಸೀನಿದೆ. ಪ್ರತಿ ಸೀನಿಗೂ ಲೆಕ್ಕದ ಪುಸ್ತಕವನ್ನು ಹೊಟ್ಟೆಗೆ ಒತ್ತಿಕೊಳ್ಳುತ್ತಿದ್ದೆ. ಸಂಜೆಗೆ ಮಾಲೀಕರೇ ಒಂದು ದಿಂಬು ತರಿಸಿ ಕೊಟ್ಟರು. ‘ಪುಸ್ತಕ ಹರಿದು ಹೋದೀತು ತಂಗಿ’ ಎಂದರು. ಕೆಮ್ಮು, ಸೀನು, ನಗು ಬಂದರೆ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿಯಿರಿ, ಅದು ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ.

ನನಗೆ ಉರಿ ಇದ್ದದ್ದು ಲಂಗದ ಲಾಡಿ ಕೂರುವ ಜಾಗದಲ್ಲಿ. ಸೀರೆ ಉಡುವುದೇ ಶಿಕ್ಷೆ. ಒಬ್ಬ ಫಿಸಿಯೋಥೆರಪಿಸ್ಟ್ ಹುಡುಗಿ ಹೇಳಿಕೊಟ್ಟದ್ದು ಇದು: ಗೀರಿನ ಸುತ್ತ ಚರ್ಮಕ್ಕೆ ಬಟ್ಟೆಯ ಪಾಠ ಹೇಳಬೇಕು. ಮೊದಲ ವಾರ ರೇಷ್ಮೆ ತುಂಡಿನಿಂದ ದಿನಕ್ಕೆ ಐದು ನಿಮಿಷ, ಎರಡು ಹೊತ್ತು, ಮೆತ್ತಗೆ ಸವರುವುದು. ಆಮೇಲೆ ಹಳೆಯ ಮೆತ್ತನೆಯ ಅರಿವೆ, ಆಮೇಲೆ ಟವೆಲ್. ಕೊನೆಗೆ ನಾನು ಅಜ್ಜಿಯ ಕೌದಿಯ ಹೊಲಿಗೆಯವರೆಗೆ ಬಂದೆ. ಹುಚ್ಚುತನ ಎನಿಸಿತ್ತು. ಎಂಟು ವಾರಕ್ಕೆ ಲಾಡಿ ಕಟ್ಟಿದೆ. ಒಣಗಿದ ಗೀರಿನ ಮೇಲೆ ಎಣ್ಣೆ ಹಚ್ಚಿ ಬೆರಳಿನಿಂದ ಸುತ್ತು ಸುತ್ತಾಗಿ ತಿಕ್ಕುವುದೂ ಒಳ್ಳೆಯದೇ, ಅಷ್ಟರ ಮಟ್ಟಿಗೆ ಮಾವನವರ ಹರಳೆಣ್ಣೆಗೆ ಜಯ.

ನಿದ್ರೆಯ ವಿಷಯ. ನೀವು ಹತ್ತಕ್ಕೆ ಮಲಗುವುದೇ ತಪ್ಪು. ನನಗೂ ಅದೇ ಆಗಿತ್ತು: ನಿದ್ರೆ ಬರುವುದು ನಾಲ್ಕೂವರೆ ತಾಸು, ಹಾಸಿಗೆಯಲ್ಲಿ ಬೀಳುವುದು ಒಂಬತ್ತು ತಾಸು. ಉಳಿದ ಹೊತ್ತು ಹಾಸಿಗೆಗೂ ನೋವಿಗೂ ಮದುವೆ ಮಾಡಿಸಿದಂತೆ. ಹಾಸಿಗೆ ಕಂಡರೆ ಸಾಕು, ಮೈ ಎಚ್ಚರವಾಗುತ್ತಿತ್ತು. ಧಾರವಾಡದ ಡಿಮ್ಹಾನ್ಸ್‌ಗೆ, ಅಂದರೆ ಮಾನಸಿಕ ಆರೋಗ್ಯದ ಆಸ್ಪತ್ರೆಗೆ ಹೋದೆ. ಹೌದು, ಅದೇ, ನಮ್ಮ ಕಡೆ ‘ಧಾರವಾಡಕ್ಕೆ ಕಳಿಸಬೇಕು ಇವನನ್ನು’ ಎಂದರೆ ಅರ್ಥವಾಗುವ ಅದೇ ಜಾಗ. ನನ್ನ ಅತ್ತೆಯವರು ನಾಲ್ಕು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಅಲ್ಲಿ ಗುಳಿಗೆಗಿಂತ ಮೊದಲು ನಿಯಮ ಕೊಟ್ಟರು. ಬೆಳಗ್ಗೆ ಏಳುವ ಹೊತ್ತು ಒಂದೇ, ರಾತ್ರಿ ಹೇಗೇ ಕಳೆದಿರಲಿ. ರಾತ್ರಿ ಹನ್ನೊಂದೂವರೆಗೆ ಮೊದಲು ಹಾಸಿಗೆಗೆ ಹೋಗುವಂತಿಲ್ಲ. ಇಪ್ಪತ್ತು ನಿಮಿಷದಷ್ಟು ಕಾಲ ನಿದ್ರೆ ಹತ್ತಲಿಲ್ಲವೆನಿಸಿದರೆ ಎದ್ದು ಬೇರೆ ಕೋಣೆಗೆ ಹೋಗಿ ಮಂದ ಬೆಳಕಿನಲ್ಲಿ ಕೂರುವುದು, ಕಣ್ಣು ಎಳೆದಾಗ ಮಾತ್ರ ಮರಳುವುದು. ಗಡಿಯಾರ ಗೋಡೆಯಿಂದ ಇಳಿಸುವುದು. ಹಗಲು ಮಲಗುವಂತಿಲ್ಲ. ಮೊದಲ ಹತ್ತು ದಿನ ನರಕ, ಮಧ್ಯಾಹ್ನ ಲೆಕ್ಕದಲ್ಲಿ ಸೊನ್ನೆಗಳು ಎರಡೆರಡಾಗಿ ಕಾಣುತ್ತಿದ್ದವು. ಮೂರನೆಯ ವಾರಕ್ಕೆ ಒಂದೇ ಪಟ್ಟಿನಲ್ಲಿ ಐದು ತಾಸು ನಿದ್ರೆ ಬಂತು. ನೋವು ಅಷ್ಟೇ ಇತ್ತು ಅಣ್ಣಾ, ಆದರೆ ನಿದ್ರೆ ಆದ ಮರುದಿನ ಅದೇ ನೋವು ಅರ್ಧ ಎನಿಸುತ್ತಿತ್ತು.

ಮಲಗುವ ಬಗೆ: ಎಡಮಗ್ಗುಲಾಗಿ, ಮೊಣಕಾಲುಗಳ ನಡುವೆ ಒಂದು ದಿಂಬು, ಹೊಟ್ಟೆಯ ಕೆಳಗೆ ಮಡಿಸಿದ ಕೌದಿ. ಒಳಗಿನದು ಜಾರಿದಂತೆ ಎಂದಿರಲ್ಲ, ಆ ಕೌದಿ ಅದಕ್ಕೆ ಆಸರೆ. ಏಳುವಾಗ ನೇರ ಎದ್ದು ಕೂರಬೇಡಿ, ಮೊದಲು ಮಗ್ಗುಲಾಗಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳಿ.

ಇನ್ನೊಂದು. ಏಳು ತಿಂಗಳು ನಿದ್ರೆ ಇಲ್ಲದೆ ಯಾರೂ ಏನೂ ತೆಗೆದುಕೊಳ್ಳದೆ ಇರುವುದಿಲ್ಲ. ನೀವು ಎಲ್ಲ ಹೇಳಿದ್ದೀರಿ, ಪಿನ್ನುಗಳ ಲೆಕ್ಕ ಕೂಡ. ಅದನ್ನು ಮಾತ್ರ ಹೇಳಿಲ್ಲ.

ಬೆಟಗೇರಿ_ಕಂಡಕ್ಟರ್:

ಅಕ್ಕಾ, ಲೆಕ್ಕ ಬರೆಯುವವರ ಕಣ್ಣು ತಪ್ಪಿಸಲಾಗುವುದಿಲ್ಲ. ತಪಾಸಣೆಯವರು ಬಸ್ ಹತ್ತಿ ಚೀಲದಲ್ಲಿನ ಹಣ ಎಣಿಸಿದಾಗ ಆಗುವಂತೆಯೇ ಆಯಿತು.

ಹೌದು. ಸಂಕ್ರಾಂತಿಯ ಹೊತ್ತಿಗೆ ಪರಿಚಯದ ಒಂದು ಔಷಧಿ ಅಂಗಡಿಯಲ್ಲಿ ಕೇಳಿದೆ. ಅಲ್ಪ್ರಾಝೊಲಾಮ್ ಎಂಬ ನಿದ್ರೆಯ ಗುಳಿಗೆ ಕೊಟ್ಟರು. ಮೊದಲು ಅರ್ಧ, ಆಮೇಲೆ ಒಂದು, ಈಗ ಒಂದೂವರೆ. ಮೊದಲ ತಿಂಗಳು ಸ್ವರ್ಗ. ಈಗ ನುಂಗಿದರೂ ಒಂದೂ ಮುಕ್ಕಾಲಿಗೇ ಎಚ್ಚರ, ನುಂಗದಿದ್ದರೆ ಮಲಗುವುದೇ ಇಲ್ಲ, ಕೈ ನಡುಗುತ್ತದೆ. ಮಗಳ ಶಾಲೆಯ ಚೀಲದ ಹಿಂದೆ ಬಚ್ಚಿಡುತ್ತಿದ್ದೆ. ಮೊನ್ನೆ ರಾತ್ರಿ ಪೂರ್ತಿ ಬಿಟ್ಟುಬಿಡುತ್ತೇನೆಂದು ಪಣ ತೊಟ್ಟು ಬೆಳಗಿನವರೆಗೆ ಬೆವರಿದೆ. ಇದನ್ನು ಮನೆಯಲ್ಲಿಯೂ ಹೇಳಿರಲಿಲ್ಲ.

ಧಾರವಾಡದ ಮಾತು ನಮ್ಮ ಮನೆಯಲ್ಲೂ ಒಮ್ಮೆ ಬಂದಿತ್ತು. ಆ ಬಸ್ಸಿನಲ್ಲಿ ಎಷ್ಟೋ ಜನರಿಗೆ ನಾನೇ ಟಿಕೆಟ್ ಹರಿದಿದ್ದೇನೆ, ನಾನು ಹೋಗುವುದಿಲ್ಲ ಎಂದು ಕೂಗಾಡಿದ್ದೆ.

ವಾರ್ಡ್_ಸಿಸ್ಟರ್:

ಅಣ್ಣ, ಪಣ ತೊಟ್ಟು ಒಂದೇ ರಾತ್ರಿಗೆ ಬಿಡಬೇಡಿ. ಐದು ತಿಂಗಳಿಂದ ದಿನಾ ತೆಗೆದುಕೊಳ್ಳುತ್ತಿರುವವರು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ, ಇದನ್ನು ಹೆದರಿಸಲು ಹೇಳುತ್ತಿಲ್ಲ. ವೈದ್ಯರೇ ಲೆಕ್ಕ ಹಾಕಿ ಸ್ವಲ್ಪ ಸ್ವಲ್ಪವಾಗಿ, ವಾರಗಟ್ಟಲೆ ಇಳಿಸುತ್ತಾರೆ. ಅಲ್ಲಿಯವರೆಗೆ ಇದರ ಜೊತೆ ಮದ್ಯ ಬೇಡ, ಬೇರೆಯವರ ಮನೆಯ ಟ್ರಾಮಡಾಲ್ ಎಂಬ ನೋವಿನ ಗುಳಿಗೆ ಬೇಡ. ಜೊತೆಯಾದರೆ ಉಸಿರಾಟವೇ ಮಂದವಾಗುತ್ತದೆ.

ಶಿಗ್ಗಾವಿಯ ಮಾವನವರೇ, ಕೋಪ ಮಾಡಿಕೊಳ್ಳಬೇಡಿ. ಈ ಗುಳಿಗೆ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿದೆ. ಚೀಟಿ ಇಲ್ಲದೆ ಕೊಡುವಂತಿಲ್ಲ. 2014ರ ಮಾರ್ಚ್‌ನಿಂದ, ಚೀಟಿ ನೋಡಿ ಕೊಟ್ಟರೂ ರೋಗಿಯ ಹೆಸರು, ವೈದ್ಯರ ಹೆಸರು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಕೊರಡಿನಂತೆ ಮಲಗುವುದು ನಿದ್ರೆ ಅಲ್ಲ.

ಧಾರವಾಡಕ್ಕೆ ಹೋಗಲು ಮನಸ್ಸು ಒಗ್ಗದಿದ್ದರೆ ಮೊದಲು ಫೋನಿನಲ್ಲಿ ಮಾತಾಡಿ. 14416, ಸರ್ಕಾರದ ಟೆಲಿ-ಮಾನಸ್, ಹಣ ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಹೆಂಡತಿಗೆ ಇವತ್ತೇ ಹೇಳಿ. ಬಚ್ಚಿಟ್ಟ ಗುಳಿಗೆ ಮಗುವಿನ ಕೈಗೆ ಸಿಕ್ಕೀತು, ಮೊದಲು ಆ ಚೀಲದ ಹಿಂದಿನಿಂದ ತೆಗೆಯಿರಿ.

ಶಿಗ್ಗಾವಿ_ಮಾವ:

ಕೋಪವಿಲ್ಲ ತಾಯಿ. ಷಡ್ಡಕ ಇನ್ನೂ ಅದೇ ಗುಳಿಗೆಯ ಮೇಲೆಯೇ ಇದ್ದಾನೆ ಎಂಬುದು ಈಗ ನೆನಪಾಯಿತು. ಅವನಿಗೆ ಓದಿಸುತ್ತೇನೆ.

ಬೆಟಗೇರಿ_ಕಂಡಕ್ಟರ್ (ಪಂಚಮಿಯ ಮರುದಿನ):

ಅರ್ಧಕ್ಕೆ ಬಿಟ್ಟು ಹೋದೆನೆಂದು ಬೈದುಕೊಂಡಿರಬಹುದು. ವರದಿ ಒಪ್ಪಿಸುತ್ತೇನೆ.

ಸರ್ಜನ್ ಹತ್ತಿರ ಹೋದೆ. ಕಾರ್ನೆಟ್ ಎಂಬ ಹೆಸರು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ, ತೆಗೆಯುವ ಧೈರ್ಯವಾಗಲಿಲ್ಲ; ‘ತಲೆ ಎತ್ತಿಸಿ ಒತ್ತಿ ನೋಡುತ್ತಾರಂತೆ ಸರ್’ ಎಂದಷ್ಟೇ ಹೇಳಿದೆ. ಅವರು ನಕ್ಕು ಮಲಗಿಸಿ ಒತ್ತಿದರು. ತಲೆ ಎತ್ತಿದೆ. ಕೂಗಿದ್ದು ಹೊರಗೆ ಸಾಲಿನಲ್ಲಿದ್ದವರಿಗೂ ಕೇಳಿಸಿತಂತೆ. ಹರ್ನಿಯಾ ಇಲ್ಲ. ನಾಣ್ಯದ ಜಾಗಕ್ಕೆ ಚುಚ್ಚುಮದ್ದು ಕೊಟ್ಟರು. ಹತ್ತು ನಿಮಿಷಕ್ಕೆ ಅಲ್ಲಿ ಏನೂ ಇಲ್ಲ. ಏಳು ತಿಂಗಳ ಮೇಲೆ ಮೊದಲ ಸಲ ನೆಟ್ಟಗೆ ನಿಂತೆ. ಹೆಂಡತಿ ‘ನೀವು ಇಷ್ಟು ಎತ್ತರವಿದ್ದಿರಾ?’ ಎಂದಳು. ಮಾಯವಾದದ್ದು ಒಂಬತ್ತು ದಿನ ಮಾತ್ರ. ಮರಳಿ ಬಂತು, ಆದರೆ ಮೊದಲಿನ ಅರ್ಧಕ್ಕಿಂತ ಕಡಿಮೆ. ಇನ್ನೊಂದು ಚುಚ್ಚುಮದ್ದು ಬಾಕಿ ಇದೆ. ರಾತ್ರಿಗೆ ನರದ ನೋವಿನ ಗುಳಿಗೆ, ಅಮಿಟ್ರಿಪ್ಟಿಲೀನ್ ಹತ್ತು ಮಿಲಿಗ್ರಾಂ ಬರೆದಿದ್ದಾರೆ. ಬಾಯಿ ಒಣಗುತ್ತದೆ, ಬೆಳಗ್ಗೆ ಸ್ವಲ್ಪ ಮಂಪರು.

ಧಾರವಾಡಕ್ಕೂ ಹೋದೆ. ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ, ಟೋಪಿ ಹಾಕಿಕೊಂಡು, ಪರಿಚಯದವರು ಯಾರೂ ನೋಡಬಾರದೆಂದು. ಸಾಲಿನಲ್ಲಿ ನನ್ನ ಮುಂದೆ ನಮ್ಮದೇ ಡಿಪೋದ ಡ್ರೈವರ್ ಕುಳಿತಿದ್ದ, ಅವನೂ ಟೋಪಿ ಹಾಕಿದ್ದ. ಒಂದೂವರೆಯಿಂದ ಈಗ ಅರ್ಧಕ್ಕೆ ಇಳಿದಿದ್ದೇನೆ. ಕೊನೆಯ ಅರ್ಧವೇ ಹೆಚ್ಚು ಹಟ ಮಾಡುತ್ತದೆ, ಅವಸರ ಬೇಡ ಎಂದಿದ್ದಾರೆ. ಅಕ್ಕನ ಹನ್ನೊಂದೂವರೆಯ ನಿಯಮವನ್ನೇ ಅವರೂ ಹೇಳಿದರು. ಒಂದೂ ಮುಕ್ಕಾಲಿಗೆ ಎಚ್ಚರವಾದರೆ ಎದ್ದು ಪಡಸಾಲೆಯಲ್ಲಿ ಕೂರುತ್ತೇನೆ. ವಾರದಲ್ಲಿ ಎರಡು ದಿನ ಹಾಗಾಗುತ್ತದೆ, ಏಳು ದಿನ ಅಲ್ಲ. ಸಂಜೆ ಭೀಷ್ಮ ಕೆರೆಯವರೆಗೆ ನಡೆದು, ಬಸವಣ್ಣನ ಮೂರ್ತಿ ನೋಡಿಕೊಂಡು ಬರುತ್ತೇನೆ. ರೇಷ್ಮೆ ತುಂಡಿಗೆ ಬೆಟಗೇರಿಯಲ್ಲಿ ಬರವೇ? ಪಕ್ಕದ ನೇಕಾರರ ಮನೆಯಿಂದ ಅಂಚಿನ ಚೂರು ತಂದುಕೊಂಡಿದ್ದೇನೆ. ಈಗ ಟವೆಲ್‌ಗೆ ಬಂದಿದ್ದೇನೆ.

ನಿನ್ನೆ ಮಗಳು ಜೋಕಾಲಿ ಜೀಕಲು ಕರೆದಳು. ತೂಗಿದೆ. ಹತ್ತು ಸಲ ತೂಗಿ ಹನ್ನೊಂದನೆಯದಕ್ಕೆ ಆ ಜಾಗ ಎಚ್ಚರಿಸಿತು, ಉಂಡಿ ತಿನ್ನಲು ಕುಳಿತೆ. ಚರ್ಮದ ಚೀಲ ಇನ್ನೂ ಗೂಟದ ಮೇಲೇ ಇದೆ. ಎಡಗಡೆಗೆ ಜೋತುಬೀಳುವಂತೆ ಪಟ್ಟಿ ಬದಲಿಸಲು ಕೊಟ್ಟಿದ್ದೇನೆ. ಶ್ರಾವಣ ಮುಗಿದ ಮೇಲೆ ಒಂದು ಟ್ರಿಪ್ ಮಾಡಿ ನೋಡೋಣ ಎಂದಿದ್ದಾರೆ ಡಿಪೋದವರು.

ಸಿಸ್ಟರ್, ಒಂದು ತಪ್ಪು ಒಪ್ಪಿಕೊಳ್ಳಬೇಕು. ಹಗಲು ಮಲಗಬಾರದು ಎಂಬ ನಿಯಮ ಒಮ್ಮೆ ಮುರಿದಿದ್ದೇನೆ. ಧಾರವಾಡದಿಂದ ಮರಳುವಾಗ ಅಣ್ಣಿಗೇರಿಯಲ್ಲಿ ತಂಗಿಯ ಮನೆಗೆ ಇಳಿಯುವುದಿತ್ತು. ನಲವಡಿಯವರೆಗೆ ನೆನಪಿದೆ. ಆಮೇಲೆ ಕಂಡಕ್ಟರ್ ಹುಡುಗ ಭುಜ ಅಲುಗಿಸಿ, ‘ಅಣ್ಣಾ, ಹುಲಕೋಟಿ ಬಂತು, ಸ್ಟೇಜ್ ದಾಟಿದ್ದೀರಿ’ ಎಂದ.